ಪರಿಷೆಯ ಜೀಪಿಗೆ ನಿಧಾನ ಕಲಿಸಿದ್ದು

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೆ ಒಂಬತ್ತು ವರ್ಷ. ವಾಪಸ್ ಬರುವಾಗ ಒಂದು ಚೀಲ ಕಡಲೆಕಾಯಿ, ಒಂದು ರಿಮೋಟ್ ಜೀಪು ಕೈಯಲ್ಲಿತ್ತು. ಜೀಪು ಒಂದು ಗೇಣಿಗಿಂತ ಸ್ವಲ್ಪ ಉದ್ದ. ತಲೆಯ ಮೇಲೆ ಸಾಮಾನು ಇಡುವ ಕ್ಯಾರಿಯರ್. ಮನೆಗೆ ಬಂದವನೇ ಆ ಕ್ಯಾರಿಯರ್ ತುಂಬ ಕಡಲೆಕಾಯಿ ಹಾಕಿ, ಅಡುಗೆಮನೆಯಲ್ಲಿದ್ದ ಅಜ್ಜಿಗೆ ಕಳಿಸಲು ಬಟನ್ ಒತ್ತಿದ. ಜೀಪು ಛಂಗನೆ ಹಾರಿತು. ಕಡಲೆಕಾಯಿಯೆಲ್ಲ ನೆಲದ ಪಾಲು.

"ಮಾಮ, ಇದು ಮೆಲ್ಲಗೆ ಹೋಗಲ್ವಾ?" ಅಂತ ಕೇಳಿದ.

ಹೋಗಲ್ಲ. ಈ ಥರದ ಆಟದ ಗಾಡಿಗಳಿಗೆ ಗೊತ್ತಿರುವುದು ಎರಡೇ: ಪೂರ್ತಿ ಓಟ, ಇಲ್ಲ ನಿಲ್ಲು. ಸ್ಟೇರಿಂಗ್ ಕೂಡ ಹಾಗೇ. ಪೂರ್ತಿ ಎಡ, ಪೂರ್ತಿ ಬಲ, ಇಲ್ಲ ನೇರ. ಮಾರನೆಯ ದಿನ ಇನ್ನೊಂದು ತೊಂದರೆ ಕಂಡಿತು. ಎದುರು ಮನೆಯ ಹುಡುಗನ ಹತ್ತಿರವೂ ಇಂಥದ್ದೇ ಒಂದು ಕಾರಿದೆ. ಅವನು ಬಟನ್ ಒತ್ತಿದರೆ ನಮ್ಮ ಜೀಪೂ ಓಡುತ್ತದೆ. ಇಬ್ಬರೂ ಒಟ್ಟಿಗೆ ಆಡುವ ಹಾಗೇ ಇಲ್ಲ. ಒಬ್ಬ ಆಡುವಾಗ ಇನ್ನೊಬ್ಬ ಮುಖ ಊದಿಸಿಕೊಂಡು ಗೇಟಿನ ಹತ್ತಿರ ಕೂರಬೇಕು.

"ಸಂಕ್ರಾಂತಿ ಹೊತ್ತಿಗೆ ಸರಿ ಮಾಡಿಕೊಡ್ತೀನಿ ಪುಟ್ಟ" ಅಂತ ಮಾತು ಕೊಟ್ಟೆ. ಹೆಚ್ಚು ಕಮ್ಮಿ ಆರು ವಾರ ಸಮಯವಿತ್ತು.

ಅಡಿಯ ಆರು ಸ್ಕ್ರೂ ತೆಗೆದರೆ ಜೀಪು ಎರಡು ಭಾಗವಾಗುತ್ತದೆ. ಒಳಗೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಬೋರ್ಡು. ಅದರ ಮೇಲೆ 16 ಕಾಲಿನ ಒಂದು ಐಸಿ (ಚಿಪ್), ಆರ್‌ಎಕ್ಸ್-2ಬಿ. ಅಗ್ಗದ ಆಟದ ಕಾರುಗಳನ್ನು ಬಿಚ್ಚಿದವರಿಗೆ ಇದು ಹಳೆಯ ಪರಿಚಯ. ರಿಮೋಟಿನ ಒಳಗೆ ಇದರ ಜೋಡಿ ಟಿಎಕ್ಸ್-2ಬಿ ಇರುತ್ತದೆ. ಬೋರ್ಡಿನ ಅಂಚಿನಲ್ಲಿ ಎಸ್8050, ಎಸ್8550 ಟ್ರಾನ್ಸಿಸ್ಟರುಗಳ ಸಾಲು. ನಾಲ್ಕು ಟ್ರಾನ್ಸಿಸ್ಟರ್ ಸೇರಿದರೆ ಒಂದು ಎಚ್-ಬ್ರಿಡ್ಜ್. ಮೋಟಾರಿಗೆ ಹೋಗುವ ಪ್ಲಸ್ಸು ಮೈನಸ್ಸನ್ನು ಅದಲು ಬದಲು ಮಾಡಿ, ಮುಂದಕ್ಕೋ ಹಿಂದಕ್ಕೋ ತಿರುಗಿಸುವುದು ಅದರ ಕೆಲಸ. ಹಿಂದಿನ ಚಕ್ರದ ಮೋಟಾರಿಗೆ ಒಂದು ಬ್ರಿಡ್ಜ್, ಸ್ಟೇರಿಂಗಿನ ಮೋಟಾರಿಗೆ ಒಂದು.

ಬಿಚ್ಚಿದ್ದೇ ಆಯಿತು, ಇವೆರಡು ಐಸಿ ಏನು ಮಾತಾಡಿಕೊಳ್ಳುತ್ತವೆ ನೋಡೋಣ ಅಂತ ಲಾಜಿಕ್ ಅನಲೈಸರ್ (ಸಿಗ್ನಲ್ಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಸಾಧನ) ತೆಗೆದು ಆರ್‌ಎಕ್ಸ್-2ಬಿಯ 3ನೇ ಕಾಲಿಗೆ ಸಿಕ್ಕಿಸಿದೆ. ರೇಡಿಯೋದಿಂದ ಬಂದ ಸಿಗ್ನಲ್ ಐಸಿ ಒಳಗೆ ಹೋಗುವುದು ಆ ಕಾಲಿನಲ್ಲಿ. ಲ್ಯಾಪ್‌ಟಾಪ್ ಪರದೆಯ ಮೇಲೆ ಅದು ಬಂದಾಗ ಪುಟ್ಟನನ್ನೂ ಕರೆದು ತೋರಿಸಿದೆ. ಮೊದಲು ನಾಲ್ಕು ಉದ್ದ ಮಿಡಿತ, ಒಂದೊಂದೂ 2 ಮಿಲಿಸೆಕೆಂಡ್. ಆಮೇಲೆ ಗಿಡ್ಡ ಮಿಡಿತಗಳು, ಒಂದೊಂದೂ 1 ಮಿಲಿಸೆಕೆಂಡ್. ಗಿಡ್ಡವು ಎಷ್ಟಿವೆ ಎನ್ನುವುದೇ ಅಪ್ಪಣೆ. 10 ಇದ್ದರೆ ಮುಂದೆ, 40 ಇದ್ದರೆ ಹಿಂದೆ, 58 ಇದ್ದರೆ ಎಡ, 64 ಇದ್ದರೆ ಬಲ. ಐಸಿ ಕೂತು ಎಣಿಸುತ್ತದೆ, ಅಷ್ಟೇ. ಪುಟ್ಟ ಪರದೆಗೆ ಬೆರಳಿಟ್ಟು ಹತ್ತನ್ನೂ ಎಣಿಸಿ ನೋಡಿದ. ಸರಿಯಾಗಿ ಹತ್ತು. "ಅರವತ್ನಾಲ್ಕು ಎಣಿಸೋಕೆ ಜಾಸ್ತಿ ಹೊತ್ತು ಬೇಕಲ್ವಾ?" ಅಂದ. ಹೌದು. ನಾಲ್ಕು ಉದ್ದಕ್ಕೆ 8, ಅರವತ್ನಾಲ್ಕು ಗಿಡ್ಡಕ್ಕೆ 64, ಒಟ್ಟು 72 ಮಿಲಿಸೆಕೆಂಡ್. ಮುಂದೆ ಹೋಗು ಅನ್ನಲು 18 ಸಾಕು. ಒಂಬತ್ತು ವರ್ಷದವನು ಅದನ್ನು ತಾನೇ ಹಿಡಿದದ್ದು ನೋಡಿ ನನಗೆ ತುಂಬ ಖುಷಿಯಾಯಿತು.

ನಮ್ಮ ಎರಡೂ ತೊಂದರೆಗಳ ಮೂಲ ಆ ಪರದೆಯಲ್ಲೇ ಕಾಣುತ್ತಿತ್ತು. ಈ ಮಿಡಿತಗಳಲ್ಲಿ ಯಾರಿಗೆ ಹೇಳುತ್ತಿದ್ದೇನೆ ಎನ್ನುವ ವಿಳಾಸ ಇಲ್ಲ. ಎಷ್ಟು ಹೋಗಬೇಕು ಎನ್ನುವ ಅಳತೆಯೂ ಇಲ್ಲ. ಒಂದೇ 27 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಯಾರು ಕೂಗಿದರೂ ಕೇಳಿಸಿಕೊಂಡವರೆಲ್ಲ ಓಡುತ್ತಾರೆ.

ಮೊದಲ ಯೋಚನೆ ಸರಳವಾಗಿತ್ತು. ಬೋರ್ಡು ಹಾಗೇ ಇರಲಿ, ಐಸಿ ಮಾತ್ರ ತೆಗೆದು ಅದರ ಜಾಗದಲ್ಲಿ, ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡಿನ ವೈರು ಕೊಟ್ಟರೆ ಸಾಕಲ್ವಾ ಅಂತ. ಆರ್‌ಎಕ್ಸ್-2ಬಿಯ 6ನೇ ಕಾಲು ಬಲ, 7 ಎಡ, 10 ಹಿಂದೆ, 11 ಮುಂದೆ. ಐಸಿ ಬಿಡಿಸಿ ಆ ನಾಲ್ಕು ಜಾಗಕ್ಕೆ ಸಣ್ಣ ವೈರು ಬೆಸೆದೆ. ಕೆಲಸ ಮಾಡಿತು. ಈಗ ಪಿಡಬ್ಲ್ಯೂಎಂ ಕೊಟ್ಟರೆ, ಅಂದರೆ ಮೋಟಾರಿನ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆದರೆ, ವೇಗ ಕಡಿಮೆಯಾಗಬೇಕು. 1 ಕಿಲೋಹರ್ಟ್ಸ್‌ನಲ್ಲಿ ಕಡಿಮೆಯಾಯಿತು, ಆದರೆ ಕಿವಿಗೆ ಕೀಂಯ್ ಅನ್ನುವ ಸದ್ದು. ಕೇಳಿಸದಿರಲಿ ಅಂತ 20 ಕಿಲೋಹರ್ಟ್ಸ್‌ಗೆ ಏರಿಸಿದೆ. ಎರಡು ನಿಮಿಷಕ್ಕೆ ಟ್ರಾನ್ಸಿಸ್ಟರುಗಳನ್ನು ಮುಟ್ಟಲು ಆಗದಷ್ಟು ಬಿಸಿ. ಆ ಸರ್ಕ್ಯೂಟು ಅಷ್ಟು ಬೇಗ ಹಾಕಿ ತೆಗೆಯಲು ಮಾಡಿದ್ದಲ್ಲ. ಟ್ರಾನ್ಸಿಸ್ಟರ್ ಪೂರ್ತಿ ಆಫ್ ಆಗುವ ಮೊದಲೇ ಮತ್ತೆ ಆನ್ ಆಗಬೇಕಾಗುತ್ತದೆ. ಜೊತೆಗೆ ಪ್ರೋಗ್ರಾಮಿನಲ್ಲಿ ಒಂದು ತಪ್ಪಾಗಿ ಮುಂದೆ ಹಿಂದೆ ಎರಡೂ ಒಟ್ಟಿಗೆ ಆನ್ ಆದರೆ ಬ್ಯಾಟರಿ ನೇರ ಶಾರ್ಟ್. ಬೇಡ ಅನ್ನಿಸಿತು. ಹಳೆಯ ಬೋರ್ಡನ್ನು ಪೂರ್ತಿ ತೆಗೆದು ಡಬ್ಬಿಗೆ ಹಾಕಿದೆ.

ಶನಿವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಪುಟ್ಟನೂ ಬಂದ. ಸಣ್ಣ ಸಣ್ಣ ಡಬ್ಬಿಗಳ ಗೋಡೆಯ ನಡುವೆ ನಿಂತು ಅವನು ಅಲುಗಾಡಲಿಲ್ಲ. ಮೋಟಾರ್ ಡ್ರೈವರ್, ಅಂದರೆ ಎಚ್-ಬ್ರಿಡ್ಜ್ ಇರುವ ಸಿದ್ಧ ಬೋರ್ಡು, ಕೇಳಿದರೆ ಎಲ್ಲ ಅಂಗಡಿಯಲ್ಲೂ ಮೊದಲು ಕೊಡುವುದು ಎಲ್298ಎನ್. ಕಪ್ಪು ಹೀಟ್‌ಸಿಂಕ್ ಇರುವ ಕೆಂಪು ಬೋರ್ಡು. ಕಾಲೇಜು ಪ್ರಾಜೆಕ್ಟುಗಳಲ್ಲೆಲ್ಲ ಅದೇ ಇರುತ್ತದೆ. ನಮ್ಮ ಕೆಲಸಕ್ಕೆ ಅದು ಆಗುವುದಿಲ್ಲ. ಒಂದು ಆಂಪಿಯರ್ ಎಳೆದರೆ ಅದರೊಳಗೇ ಎರಡು ವೋಲ್ಟಿನಷ್ಟು ಉಳಿದುಬಿಡುತ್ತದೆ. 12 ವೋಲ್ಟಿನ ಮೋಟಾರಿಗೆ ಅದು ನಡೆಯಬಹುದು. ನಾನು ಹಾಕಬೇಕೆಂದಿದ್ದದ್ದು ಒಂದೇ ಒಂದು ಲಿಥಿಯಂ ಸೆಲ್ಲು, 3.7 ವೋಲ್ಟು. ಅದರಲ್ಲಿ ಎರಡು ಹೋದರೆ ಮೋಟಾರಿಗೆ ಏನು ಮಿಕ್ಕೀತು?

ಹುಡುಕಿ ಡಿಆರ್‌ವಿ8833 ತೆಗೆದುಕೊಂಡೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಬೋರ್ಡು. 2.7 ವೋಲ್ಟಿನಿಂದ 10.8 ವೋಲ್ಟಿನವರೆಗೆ ಕೆಲಸ ಮಾಡುತ್ತದೆ. ಒಳಗೆ ಮಾಸ್‌ಫೆಟ್ ಎನ್ನುವ ಬಗೆಯ ಟ್ರಾನ್ಸಿಸ್ಟರ್ ಇರುವುದರಿಂದ ವೋಲ್ಟೇಜು ಹೆಚ್ಚು ತಿನ್ನುವುದಿಲ್ಲ. ಎರಡು ಬ್ರಿಡ್ಜ್ ಇವೆ, ಒಂದೊಂದಕ್ಕೆ 1.5 ಆಂಪಿಯರ್. ಇದರ ಜೊತೆ ಎರಡು ಇಎಸ್‌ಪಿ32 ಬೋರ್ಡು, ಒಂದು ಎಸ್‌ಜಿ90 ಸರ್ವೋ (ಹೇಳಿದಷ್ಟೇ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರು), ಎರಡು ಜಾಯ್‌ಸ್ಟಿಕ್, ಎರಡು ಟಿಪಿ4056 ಚಾರ್ಜರ್, ಒಂದು 18650 ಸೆಲ್ಲು, ಅದರ ಹೋಲ್ಡರು, ರಿಮೋಟಿಗೆ 1000 ಮಿಲಿಆಂಪಿಯರ್-ಅವರ್‌ನ ಒಂದು ಚಪ್ಪಟೆ ಬ್ಯಾಟರಿ. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬೇಡಿ, ದಯವಿಟ್ಟು. ಬಿಸಿಗೆ ಸೆಲ್ಲಿನ ಒಳಗಿನ ಪದರ ಹಾಳಾಗುತ್ತದೆ. ಹೋಲ್ಡರ್ ಹಾಕಿ, ಇಲ್ಲ ಅಂಗಡಿಯಲ್ಲೇ ನಿಕ್ಕಲ್ ಪಟ್ಟಿ ವೆಲ್ಡ್ ಮಾಡಿಸಿಕೊಳ್ಳಿ.

ಜೀಪಿನ ಹೊಟ್ಟೆಯಲ್ಲಿ ನಾಲ್ಕು ಪೆನ್ಸಿಲ್ ಸೆಲ್ ಅಕ್ಕಪಕ್ಕ ಕೂರುವ ಗೂಡಿತ್ತು. 18650 ಸೆಲ್ಲಿನ ಉದ್ದ 65 ಮಿ.ಮೀ., ದಪ್ಪ 18 ಮಿ.ಮೀ. ಗೂಡು ಅಷ್ಟು ಉದ್ದ ಇಲ್ಲ. ನಡುವಿನ ಪ್ಲಾಸ್ಟಿಕ್ ಗೋಡೆಗಳನ್ನು ಹ್ಯಾಕ್ಸಾ ಬ್ಲೇಡಿನಿಂದ ಕುಯ್ದು, ಒಂದು ಬದಿಯನ್ನು ಅರದಿಂದ ಉಜ್ಜಿ ಜಾಗ ಮಾಡಿದೆ. ಅರ್ಧ ದಿನ ಹಿಡಿಯಿತು.

ಸ್ಟೇರಿಂಗ್ ಕೆಲಸ ನನಗೆ ತುಂಬ ಇಷ್ಟವಾದದ್ದು. ಮೊದಲಿದ್ದದ್ದು ಒಂದು ಸಣ್ಣ ಮೋಟಾರು, ಅದರ ಮುಂದೆ ಹಲ್ಲಿನ ಚಕ್ರ, ನೇರಕ್ಕೆ ಎಳೆದು ತರಲು ಒಂದು ಸ್ಪ್ರಿಂಗು. ಬಟನ್ ಒತ್ತಿದಷ್ಟು ಹೊತ್ತೂ ಮೋಟಾರು ಗೋಡೆಗೆ ತಲೆಯೊತ್ತಿ ನಿಂತ ಹಾಗೆ ಕೊನೆಯವರೆಗೂ ತಳ್ಳುತ್ತಲೇ ಇರುತ್ತದೆ. ಅದನ್ನೂ ಸ್ಪ್ರಿಂಗನ್ನೂ ತೆಗೆದೆ. ಎಸ್‌ಜಿ90 ಸರ್ವೋ 9 ಗ್ರಾಂ ತೂಕದ್ದು. ಅದಕ್ಕೆ ಪ್ರತಿ 20 ಮಿಲಿಸೆಕೆಂಡಿಗೆ ಒಂದು ಮಿಡಿತ ಕೊಡಬೇಕು. ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ನಡುವೆ ನಿಲ್ಲುತ್ತದೆ. ಅದಕ್ಕಿಂತ ಚಿಕ್ಕದಾದರೆ ಒಂದು ಕಡೆ, ದೊಡ್ಡದಾದರೆ ಇನ್ನೊಂದು ಕಡೆ ತಿರುಗುತ್ತದೆ.

ಸರ್ವೋದ ಬಿಳಿ ತೋಳನ್ನು ಎರಡೂ ಚಕ್ರ ಸೇರಿಸುವ ಕಡ್ಡಿಗೆ ಜೋಡಿಸಬೇಕು. ಪೇಪರಿಗೆ ಹಾಕುವ ಯು-ಪಿನ್ನನ್ನು ನೇರ ಮಾಡಿ, ಎರಡೂ ತುದಿ ಇಂಗ್ಲಿಷ್ ಝೆಡ್ ಆಕಾರಕ್ಕೆ ಬಗ್ಗಿಸಿದೆ. ಒಂದು ತುದಿ ತೋಳಿನ ತೂತಿಗೆ, ಇನ್ನೊಂದು ಕಡ್ಡಿಯ ತೂತಿಗೆ. ತಂತಿ ಒಂದು ಕೂದಲಷ್ಟು ಸಡಿಲವಿದ್ದರೂ ಜೀಪು ನೇರ ಹೋಗುವಾಗ ಕುಡಿದವರ ಹಾಗೆ ಆಡುತ್ತದೆ. ಮೂರು ಪಿನ್ ಹಾಳು ಮಾಡಿ ನಾಲ್ಕನೆಯದು ಸರಿ ಕೂತಿತು. ಸರ್ವೋ ಕೂರಿಸಲು ಫೆವಿಕ್ವಿಕ್ ಹಾಕಿ ಅದರ ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದೆ. ಕ್ಷಣದಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಗ ಸ್ವಲ್ಪ ಹೊಗೆ ಬರುತ್ತದೆ, ಮುಖ ದೂರ ಇಟ್ಟುಕೊಳ್ಳಿ. ಸರ್ವೋವನ್ನು ಕಂಪ್ಯೂಟರಿನಿಂದ ಒಂದೊಂದೇ ಡಿಗ್ರಿ ತಿರುಗಿಸಿ, ಚಕ್ರ ತಡೆಗೆ ತಾಗುವ ಮೊದಲೇ ನಿಲ್ಲುವ ಹಾಗೆ ಮಿತಿ ಹಾಕಿದೆ. ನನ್ನ ಜೀಪಿನಲ್ಲಿ 64ರಿಂದ 117 ಡಿಗ್ರಿ. ಮಿತಿ ಇಲ್ಲದೆ ಬಿಟ್ಟರೆ ಸರ್ವೋ ಕೊನೆಯಲ್ಲಿ ಗರ್ ಅನ್ನುತ್ತಾ ಬ್ಯಾಟರಿ ತಿನ್ನುತ್ತದೆ, ಸ್ವಲ್ಪ ದಿನಕ್ಕೆ ಅದರ ಹಲ್ಲೂ ಹೋಗುತ್ತದೆ.

ಸ್ಟೇರಿಂಗಿಗೆ ಸರ್ವೋ ಬಂದ ಮೇಲೆ ಡಿಆರ್‌ವಿ8833ರ ಎರಡನೇ ಬ್ರಿಡ್ಜ್ ಖಾಲಿ ಉಳಿಯಿತು. ಹಿಂದಿನ ಮೋಟಾರನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ ಅಳೆದಾಗ 2.1 ಆಂಪಿಯರ್ ಎಳೆಯುತ್ತಿತ್ತು. ಒಂದು ಬ್ರಿಡ್ಜಿಗೆ ಅದು ಜಾಸ್ತಿ. ಎರಡೂ ಬ್ರಿಡ್ಜ್‌ಗಳ ಇನ್‌ಪುಟ್ಟುಗಳನ್ನು ಒಂದಕ್ಕೊಂದು ಸೇರಿಸಿ, ಔಟ್‌ಪುಟ್ಟುಗಳನ್ನೂ ಸೇರಿಸಿದರೆ 3 ಆಂಪಿಯರಿನ ಒಂದೇ ಬ್ರಿಡ್ಜ್ ಆಗುತ್ತದೆ. ಹೀಗೆ ಜೋಡಿಸಬಹುದು ಅಂತ ಐಸಿ ಮಾಡಿದವರು ಕೊಡುವ ವಿವರದ ಹಾಳೆ, ಡೇಟಾಶೀಟಿನಲ್ಲೇ ಇದೆ. ಜೋಡಿಸಿ ಹಾಕಿದರೂ ಮೋಟಾರು ಮಿಸುಕಲಿಲ್ಲ. ಇನ್‌ಪುಟ್ ಇದೆ, ವೋಲ್ಟೇಜ್ ಇದೆ, ಔಟ್‌ಪುಟ್ ಮಾತ್ರ ಸೊನ್ನೆ. ಬೋರ್ಡಿನಲ್ಲಿ ಇಇಪಿ ಅಂತ ಬರೆದ ಒಂದು ಕಾಲಿದೆ. ಅದು ನಿದ್ದೆಯ ಕಾಲು. ಅದಕ್ಕೆ 3.3 ವೋಲ್ಟು ಕೊಡುವ ತನಕ ಐಸಿ ಮಲಗಿಯೇ ಇರುತ್ತದೆ. ಒಂದು ವೈರು ಎಳೆದ ತಕ್ಷಣ ಚಕ್ರ ತಿರುಗಿತು.

ಇನ್ನು ರಿಮೋಟು. ಹಳೆಯ ರಿಮೋಟಿನ ಡಬ್ಬಿಯನ್ನೇ ಇಟ್ಟುಕೊಂಡೆ, ಪುಟ್ಟನ ಕೈಗೆ ಅದು ಒಗ್ಗಿತ್ತು. ಎಡ ಹೆಬ್ಬೆರಳಿಗೆ ಒಂದು ಜಾಯ್‌ಸ್ಟಿಕ್, ಬಲಕ್ಕೆ ಒಂದು. ಮಾತುಕತೆಗೆ ಇಎಸ್‌ಪಿ-ನೌ. ರೌಟರ್ ಬೇಡ, ಮೊಬೈಲ್ ಬೇಡ, ಎರಡು ಇಎಸ್‌ಪಿ32 ಬೋರ್ಡುಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಪ್ರತಿ ಬೋರ್ಡಿಗೂ ತನ್ನದೇ ಮ್ಯಾಕ್ ವಿಳಾಸ ಇರುತ್ತದೆ. ರಿಮೋಟು ಆ ವಿಳಾಸಕ್ಕೇ ಕಳಿಸುತ್ತದೆ. ಎದುರು ಮನೆಯ ತಂಟೆ ಅಲ್ಲಿಗೆ ಮುಗಿಯಿತು. ಸೆಕೆಂಡಿಗೆ 50 ಸಲ, ವೇಗಕ್ಕೆ ಒಂದು ಸಂಖ್ಯೆ, ತಿರುವಿಗೆ ಒಂದು ಸಂಖ್ಯೆ. 'ಮುಂದೆ' ಅನ್ನುವ ಬದಲು ಈಗ 'ಮುಂದೆ, ನೂರಕ್ಕೆ 23' ಅನ್ನಬಹುದು.

ಇಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ಜಾಯ್‌ಸ್ಟಿಕ್ ಒಂದನ್ನೇ ಓದಿಸಿದರೆ ಸರಿಯಾದ ಸಂಖ್ಯೆ ಬರುತ್ತಿತ್ತು. ಇಎಸ್‌ಪಿ-ನೌ ಸೇರಿಸಿದ ಕೂಡಲೇ ಸಂಖ್ಯೆ ನಿಂತಲ್ಲೇ ನಿಲ್ಲುತ್ತಿತ್ತು. ವೈರು ಬದಲಾಯಿಸಿದೆ, ಜಾಯ್‌ಸ್ಟಿಕ್ ಬದಲಾಯಿಸಿದೆ. ಕಾರಣ ಬೇರೆ. ಇಎಸ್‌ಪಿ32ರಲ್ಲಿ ವೋಲ್ಟೇಜು ಓದುವ ಎಡಿಸಿ ಎರಡಿವೆ. ಎರಡನೆಯದು ವೈಫೈ ರೇಡಿಯೋದ ಬಳಕೆಗೂ ಹೋಗುತ್ತದೆ. ವೈಫೈ ಆನ್ ಆದರೆ ನಮಗೆ ಅದು ಸಿಗುವುದಿಲ್ಲ. ನಾನು ವೈರು ಕೊಟ್ಟಿದ್ದದ್ದು 25, 26ನೇ ಪಿನ್ನಿಗೆ, ಎರಡೂ ಎರಡನೇ ಎಡಿಸಿಯವು. 34, 35ಕ್ಕೆ ಬದಲಾಯಿಸಿದೆ, ಸರಿಹೋಯಿತು. 32ರಿಂದ 39ರವರೆಗಿನ ಪಿನ್ನುಗಳು ಮೊದಲ ಎಡಿಸಿಯವು, ವೈಫೈ ಇದ್ದರೂ ಅವುಗಳಿಗೆ ತೊಂದರೆಯಿಲ್ಲ. ಜಾಯ್‌ಸ್ಟಿಕ್ಕಿಗೆ 3.3 ವೋಲ್ಟೇ ಕೊಡಿ. 5 ವೋಲ್ಟು ಕೊಟ್ಟರೆ ಇಎಸ್‌ಪಿ32ರ ಪಿನ್ ಸುಡಬಹುದು.

ಜಾಯ್‌ಸ್ಟಿಕ್ ಬಿಟ್ಟಾಗ ಸಂಖ್ಯೆ 4095ರ ಸರಿಯಾದ ಅರ್ಧಕ್ಕೆ ಬರುವುದಿಲ್ಲ. ನನ್ನವು ಒಂದು 1870, ಇನ್ನೊಂದು 1915. ಅದಕ್ಕೆ ರಿಮೋಟ್ ಆನ್ ಮಾಡಿದ ಕೂಡಲೇ 50 ಸಲ ಓದಿ, ಸರಾಸರಿ ತೆಗೆದು, ಅದೇ ನಡುಮಧ್ಯ ಅಂತ ಇಟ್ಟುಕೊಳ್ಳುವ ಹಾಗೆ ಬರೆದೆ. ಆನ್ ಮಾಡುವಾಗ ಕಡ್ಡಿ ಮುಟ್ಟಬಾರದು ಅಂತ ಪುಟ್ಟನಿಗೆ ಒಮ್ಮೆ ಹೇಳಿದ್ದೆ. ಅವನು ಈಗ ಎರಡೂ ಕೈ ಮೇಲೆತ್ತಿ, ಮೂರು ಎಣಿಸಿ, ಆಮೇಲೆ ಹಿಡಿಯುತ್ತಾನೆ.

ಎಲ್ಲ ಜೋಡಿಸಿ ಮೇಜಿನ ಮೇಲೆ, ಲ್ಯಾಪ್‌ಟಾಪಿನ ಯುಎಸ್‌ಬಿ ಕರೆಂಟಿನಲ್ಲಿ ನೋಡಿದಾಗ ಎಲ್ಲವೂ ಚೆನ್ನಾಗಿತ್ತು. ಯುಎಸ್‌ಬಿ ತೆಗೆದು ಬ್ಯಾಟರಿ ಹಾಕಿದೆ. ವೇಗದ ಕಡ್ಡಿ ಮುಂದೆ ತಳ್ಳಿದರೆ ಜೀಪು ಒಂದು ಸಲ ಕುಪ್ಪಳಿಸಿ ನಿಲ್ಲುತ್ತದೆ. ಒಂದು ಸೆಕೆಂಡ್ ಸುಮ್ಮನಿದ್ದು ಮತ್ತೆ ಕುಪ್ಪಳಿಸುತ್ತದೆ. ಇಎಸ್‌ಪಿ32 ಪ್ರತಿ ಸಲವೂ ರೀಸ್ಟಾರ್ಟ್ ಆಗುತ್ತಿತ್ತು. ಇದಕ್ಕೆ ಬ್ರೌನ್‌ಔಟ್ ಅನ್ನುತ್ತಾರೆ, ಅಂದರೆ ವೋಲ್ಟೇಜು ಕುಸಿಯುತ್ತಿದೆ.

ನನ್ನ ಮೊದಲ ಅನುಮಾನ ಮೋಟಾರಿನ ಮೇಲೆ. ಬ್ರಷ್ ಇರುವ ಮೋಟಾರು ತಿರುಗುವಾಗ ಒಳಗೆ ಕಿಡಿ ಹಾರುತ್ತದೆ, ಆ ಗದ್ದಲ ವೈರಿನಲ್ಲೆಲ್ಲ ಓಡಾಡುತ್ತದೆ. 104 ಅಂತ ಬರೆದಿರುವ ಸೆರಾಮಿಕ್ ಕೆಪಾಸಿಟರ್ ಮೂರು ಹಾಕಿದೆ. ಒಂದು ಮೋಟಾರಿನ ಎರಡು ಕಾಲಿನ ನಡುವೆ, ಇನ್ನೆರಡು ಒಂದೊಂದು ಕಾಲಿನಿಂದ ಮೋಟಾರಿನ ತಗಡಿನ ಮೈಗೆ. ತಗಡಿಗೆ ಬೆಸುಗೆ ಹಿಡಿಯಬೇಕಾದರೆ ಮೊದಲು ಅಲ್ಲಿ ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಬೇಕು. ವೈರುಗಳನ್ನು ಜಡೆಯ ಹಾಗೆ ಹೆಣೆದೆ. ಬ್ಯಾಟರಿಯ ಹತ್ತಿರ 470 ಮೈಕ್ರೋಫ್ಯಾರಡಿನ ಒಂದು ದೊಡ್ಡ ಕೆಪಾಸಿಟರ್ ಹಾಕಿದೆ. ಇದೆಲ್ಲ ಮಾಡಲೇಬೇಕಾದ ಕೆಲಸ, ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಕುಪ್ಪಳಿಸುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ರಾತ್ರಿ ಊಟವಾದ ಮೇಲೆ ಮತ್ತೆ ಕೂತೆ. ಈ ಸಲ ಮೋಟಾರಿನ ವೈರು ಪೂರ್ತಿ ತೆಗೆದು, ಮಲ್ಟಿಮೀಟರಿನ ಕಡ್ಡಿಯನ್ನು ಇಎಸ್‌ಪಿ32ರ 3.3 ವೋಲ್ಟಿನ ಪಿನ್ನಿಗೆ ಇಟ್ಟೆ. ಬ್ಯಾಟರಿಯಲ್ಲಿ 3.9 ಇದೆ. ಪಿನ್ನಿನಲ್ಲಿ 2.8. ಮೋಟಾರು ಇಲ್ಲದೆಯೂ 2.8! ಅಲ್ಲಿಗೆ ವಿಷಯ ಗೊತ್ತಾಯಿತು. ಬೋರ್ಡಿನ ಮೇಲೆ, ಒಳಬರುವ ವೋಲ್ಟೇಜನ್ನು 3.3ಕ್ಕೆ ಇಳಿಸುವ ರೆಗ್ಯುಲೇಟರು ಎಎಂಎಸ್1117. ಅದು 3.3 ಕೊಡಬೇಕಾದರೆ ಅದಕ್ಕಿಂತ 1 ವೋಲ್ಟಿಗೂ ಜಾಸ್ತಿ ಒಳಗೆ ಬರಬೇಕು. ಯುಎಸ್‌ಬಿಯ 5 ವೋಲ್ಟಿನಲ್ಲಿ ಅದಕ್ಕೇನೂ ಕಷ್ಟವಿಲ್ಲ. ಒಂದೇ ಲಿಥಿಯಂ ಸೆಲ್ಲಿನಲ್ಲಿ, ಪೂರ್ತಿ ಚಾರ್ಜ್ ಆಗಿ 4.2 ಇದ್ದರೂ, ಸಾಲದು. ಇಎಸ್‌ಪಿ32 ಮೊದಲಿನಿಂದಲೂ ಅರೆಹೊಟ್ಟೆಯಲ್ಲಿತ್ತು. ಮೋಟಾರು ಸ್ವಲ್ಪ ಎಳೆದ ಕೂಡಲೇ ಬೀಳುತ್ತಿತ್ತು.

ಪರಿಹಾರ ಒಂದು ಎಂಟಿ3608 ಬೂಸ್ಟ್ ಮಾಡ್ಯೂಲು. ಸೆಲ್ಲಿನ ವೋಲ್ಟೇಜನ್ನು 5ಕ್ಕೆ ಏರಿಸಿ ಇಎಸ್‌ಪಿ32ಕ್ಕೂ ಸರ್ವೋಗೂ ಕೊಟ್ಟೆ. ಮೋಟಾರಿಗೆ ಮಾತ್ರ ಸೆಲ್ಲಿನಿಂದ ನೇರ. ಈ ಮಾಡ್ಯೂಲನ್ನು ಹಾಗೇ ಜೋಡಿಸಬೇಡಿ. ಹೊಸದರಲ್ಲಿ ಔಟ್‌ಪುಟ್ ಎಷ್ಟಕ್ಕೆ ನಿಂತಿರುತ್ತದೆ ಹೇಳಲಾಗದು, ಅದು 28 ವೋಲ್ಟಿನವರೆಗೂ ಏರಬಲ್ಲದು. ಮೊದಲು ಬರಿಯ ಮಾಡ್ಯೂಲಿಗೆ ಮೀಟರ್ ಹಿಡಿದು, ಹಿತ್ತಾಳೆಯ ಸ್ಕ್ರೂ ತಿರುಗಿಸಿ 5ಕ್ಕೆ ತನ್ನಿ. ಹತ್ತಾರು ಸುತ್ತು ತಿರುಗಿಸುವ ತನಕ ಏನೂ ಬದಲಾಗದೆ ಇರಬಹುದು. ಗಾಬರಿಯಾಗಬೇಡಿ, ತಿರುಗಿಸುತ್ತಲೇ ಇರಿ. ರಿಮೋಟಿನಲ್ಲಿ ಜಾಗ ಕಡಿಮೆ, ಅಲ್ಲಿ ಎಚ್‌ಟಿ7833 ಎನ್ನುವ ಮೂರು ಕಾಲಿನ ರೆಗ್ಯುಲೇಟರ್ ಹಾಕಿ ಅದರ 3.3 ವೋಲ್ಟನ್ನು ನೇರ 3.3ರ ಪಿನ್ನಿಗೆ ಕೊಟ್ಟೆ. ಅದು ಸೆಲ್ಲಿನ ವೋಲ್ಟೇಜಿನಲ್ಲೇ ಕೆಲಸ ಮಾಡುತ್ತದೆ. ರಿಮೋಟಿನ ಚಾರ್ಜರಿನಲ್ಲಿ ಇನ್ನೊಂದು ಬದಲಾವಣೆ. ಟಿಪಿ4056 ಬರುವಾಗ 1 ಆಂಪಿಯರಿನಲ್ಲಿ ಚಾರ್ಜ್ ಮಾಡುತ್ತದೆ. ಚಿಕ್ಕ ಬ್ಯಾಟರಿಗೆ ಅದು ಜಾಸ್ತಿ. 1.2 ಕಿಲೋಓಮ್ ರೆಸಿಸ್ಟರ್ ತೆಗೆದು 2 ಕಿಲೋಓಮ್ ಹಾಕಿದರೆ 580 ಮಿಲಿಆಂಪಿಯರಿಗೆ ಇಳಿಯುತ್ತದೆ.

ಕುಪ್ಪಳಿಸುವುದು ನಿಂತಿತು. ಆದರೆ ಪುಟ್ಟ ಕೇಳಿದ 'ಮೆಲ್ಲಗೆ' ಇನ್ನೂ ಬಂದಿರಲಿಲ್ಲ.

ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ತಳ್ಳಿದರೆ ನೂರಕ್ಕೆ 30ರವರೆಗೂ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. 30 ದಾಟಿದ ತಕ್ಷಣ ಬಿಟ್ಟ ಬಾಣ. ನಡುವೆ ಏನೂ ಇಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ಡೇಟಾಶೀಟಿನ ಒಂದು ಚಿಕ್ಕ ಕೋಷ್ಟಕದಲ್ಲಿ. ಪಿಡಬ್ಲ್ಯೂಎಂನಲ್ಲಿ ಕರೆಂಟು ಕೊಡುವ ಗಳಿಗೆ ಒಂದು, ಕೊಡದ ಗಳಿಗೆ ಒಂದು. ಕೊಡದ ಗಳಿಗೆಯಲ್ಲಿ ಮೋಟಾರಿನ ಎರಡು ತುದಿಗಳನ್ನು ಏನು ಮಾಡುತ್ತೇವೆ? ನಾನು ಎರಡನ್ನೂ ಸುಮ್ನೆ ಬಿಟ್ಟುಬಿಡುತ್ತಿದ್ದೆ. ಆಗ ಮೋಟಾರಿನ ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟು ಬ್ಯಾಟರಿಯ ಕಡೆಗೆ ವಾಪಸ್ ಹೋಗಿ ಸತ್ತುಹೋಗುತ್ತದೆ. ಮುಂದಿನ ಸಲ ಮತ್ತೆ ಸೊನ್ನೆಯಿಂದ ಶುರು. ಹಾಗೆ ಬಿಡುವ ಬದಲು ಎರಡೂ ತುದಿಗಳನ್ನು ಒಂದಕ್ಕೊಂದು ಸೇರಿಸಿದರೆ ಆ ಕರೆಂಟು ಸುರುಳಿಯಲ್ಲೇ ಸುತ್ತುತ್ತಾ ಉಳಿಯುತ್ತದೆ. ಮುಂದಿನ ಮಿಡಿತ ಅದರ ಮೇಲೆ ಸೇರಿಕೊಳ್ಳುತ್ತದೆ. ಮಿಡಿತ ಚಿಕ್ಕದಿದ್ದರೂ ಮೋಟಾರಿನ ಬಲ ಕುಗ್ಗುವುದಿಲ್ಲ. ಮೊದಲಿನದಕ್ಕೆ ಫಾಸ್ಟ್ ಡಿಕೇ, ಇದಕ್ಕೆ ಸ್ಲೋ ಡಿಕೇ ಅನ್ನುತ್ತಾರೆ.

ಬದಲಾಯಿಸುವುದು ವೈರಿನಲ್ಲಲ್ಲ, ಪ್ರೋಗ್ರಾಮಿನಲ್ಲಿ. ಮೊದಲ ಇನ್‌ಪುಟ್ಟಿಗೆ ಪಿಡಬ್ಲ್ಯೂಎಂ, ಎರಡನೆಯದಕ್ಕೆ ಸೊನ್ನೆ ಕೊಡುತ್ತಿದ್ದೆ. ಈಗ ಮೊದಲನೆಯದನ್ನು ಸದಾ ಆನ್ ಇಟ್ಟು ಎರಡನೆಯದಕ್ಕೆ ಪಿಡಬ್ಲ್ಯೂಎಂ. ಹೀಗೆ ಮಾಡಿದಾಗ ಲೆಕ್ಕ ತಿರುಗುಮುರುಗಾಗುತ್ತದೆ: ಪಿಡಬ್ಲ್ಯೂಎಂ ಜಾಸ್ತಿಯಾದಷ್ಟೂ ವೇಗ ಕಡಿಮೆ. ಅದನ್ನು ಪ್ರೋಗ್ರಾಮಿನಲ್ಲಿ ಸರಿ ಮಾಡದೆ ಆನ್ ಮಾಡಿದರೆ ಕಡ್ಡಿ ಮುಟ್ಟದೆಯೇ ಗಾಡಿ ಪೂರ್ತಿ ವೇಗದಲ್ಲಿ ಹೊರಡುತ್ತದೆ. ಈ ಪರೀಕ್ಷೆಗಳನ್ನೆಲ್ಲ ಜೀಪನ್ನು ಒಂದು ಡಬರಿ ಬೋರಲು ಹಾಕಿ ಅದರ ಮೇಲಿಟ್ಟು, ಚಕ್ರ ಗಾಳಿಯಲ್ಲಿರುವಂತೆ ಮಾಡಿ.

ಪ್ರೋಗ್ರಾಮ್ ಹಾಕಿ ಕಡ್ಡಿ ಮೆಲ್ಲಗೆ ತಳ್ಳಿದೆ. ಎಂಟು, ಹತ್ತು, ಹನ್ನೆರಡು. ಹದಿನಾಲ್ಕಕ್ಕೆ ಚಕ್ರ ತಿರುಗಲು ಶುರುವಾಯಿತು. ಚಕ್ರದ ಮೇಲಿನ ಒಂದೊಂದು ಹಲ್ಲನ್ನೂ ಕಣ್ಣಿನಲ್ಲಿ ಎಣಿಸಬಹುದು, ಅಷ್ಟು ನಿಧಾನ. ಅಡುಗೆಮನೆಯಿಂದ ಅಮ್ಮ ಬಂದು, ತೆಂಗಿನಕಾಯಿ ತುರಿಯುವ ಮಣೆ ಕೈಯಲ್ಲೇ ಹಿಡಿದು, ಅದನ್ನು ನೋಡುತ್ತಾ ನಿಂತಿದ್ದರು. "ಗಡಿಯಾರದ ಮುಳ್ಳಿನ ಹಾಗಿದೆಯಲ್ಲೋ" ಅಂದರು.

ಆಮೇಲೆ ಉಳಿದ ಎರಡು ತೊಂದರೆ ಬೀದಿಗೆ ಇಳಿಸಿದಾಗ ತಿಳಿದವು. ಪುಟ್ಟ ಪೂರ್ತಿ ಮುಂದೆ ಹೋಗುತ್ತಿದ್ದವನು ಥಟ್ಟನೆ ಪೂರ್ತಿ ಹಿಂದಕ್ಕೆ ಎಳೆದ. ಜೀಪು ಸತ್ತೇಹೋಯಿತು. ಸ್ವಿಚ್ ಆರಿಸಿ ಹಾಕಿದರೆ ಮತ್ತೆ ಜೀವ. ಓಡುವ ಮೋಟಾರನ್ನು ಒಮ್ಮೆಲೇ ತಿರುಗಿಸಿದರೆ ಅದು ಹುಟ್ಟಿಸುವ ವೋಲ್ಟೇಜೂ ಬ್ಯಾಟರಿಯ ವೋಲ್ಟೇಜೂ ಸೇರಿ, ಹಿಡಿದು ನಿಲ್ಲಿಸಿದಾಗಿನ ಸುಮಾರು ಎರಡರಷ್ಟು ಕರೆಂಟು ಎಳೆಯುತ್ತದೆ. ಚಾರ್ಜರ್ ಬೋರ್ಡಿನ ಮೇಲಿರುವ ರಕ್ಷಣೆಯ ಐಸಿ ಸುಮಾರು 3 ಆಂಪಿಯರ್ ದಾಟಿದರೆ ಬಾಗಿಲು ಹಾಕಿಬಿಡುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ತಿದ್ದಬೇಕಾಗಿದ್ದದ್ದು ನನ್ನ ಪ್ರೋಗ್ರಾಮು. ದಿಕ್ಕು ಬದಲಾಗುವ ಮೊದಲು 150 ಮಿಲಿಸೆಕೆಂಡ್ ಬ್ರೇಕು, ಆಮೇಲೆ ವೇಗ ಮೆಟ್ಟಿಲು ಹತ್ತಿದ ಹಾಗೆ ಏರುವಂತೆ ಬರೆದೆ.

ಎರಡನೆಯದು ನೋವಾಗುವಂಥದ್ದು. ಜೀಪು ಓಡುತ್ತಿದ್ದಾಗಲೇ ರಿಮೋಟಿನ ಸ್ವಿಚ್ಚಿಗೆ ಅವನ ಬೆರಳು ತಾಗಿ ಆಫ್ ಆಯಿತು. ಜೀಪು ಕೊನೆಯದಾಗಿ ಕೇಳಿದ ಅಪ್ಪಣೆಯನ್ನೇ ಪಾಲಿಸುತ್ತಾ ನೇರ ಹೋಗಿ ಕಾಂಪೌಂಡ್ ಗೋಡೆಗೆ ಬಡಿಯಿತು. ಮುಂದಿನ ಬಂಪರ್ ಬಿರುಕು ಬಿಟ್ಟಿತು. ಅವನ ಕಣ್ಣಲ್ಲಿ ನೀರು. ತಪ್ಪು ಅವನದಲ್ಲ. 250 ಮಿಲಿಸೆಕೆಂಡ್ ಯಾವ ಸುದ್ದಿಯೂ ಬರದಿದ್ದರೆ ನಿಲ್ಲು ಅನ್ನುವ ನಾಲ್ಕು ಸಾಲನ್ನು ನಾನು ಮೊದಲ ದಿನವೇ ಬರೆಯಬೇಕಿತ್ತು. ನೀವು ಇಂಥದ್ದು ಮಾಡುವುದಾದರೆ ಮೋಟಾರು ತಿರುಗಿಸುವ ಮೊದಲೇ ಅದನ್ನು ಬರೆಯಿರಿ. ಬಂಪರನ್ನು ಅದೇ ಫೆವಿಕ್ವಿಕ್, ಸೋಡಾ ಹಾಕಿ ಇಬ್ಬರೂ ಸೇರಿ ಅಂಟಿಸಿದೆವು.

ಸಂಕ್ರಾಂತಿಯ ಸಂಜೆ ಅಮ್ಮ ಎಳ್ಳುಬೆಲ್ಲ ಬೆರೆಸಿ ಇಟ್ಟಿದ್ದರು. ಪುಟ್ಟ ಒಂದು ಚಿಕ್ಕ ಸ್ಟೀಲ್ ಬಟ್ಟಲು ತುಂಬಿಸಿಕೊಂಡು, ಮುಚ್ಚಳ ಹಾಕದೆ, ಜೀಪಿನ ಕ್ಯಾರಿಯರ್ ಮೇಲಿಟ್ಟ. ಪಕ್ಕದಲ್ಲಿ ಒಂದು ಸಕ್ಕರೆ ಅಚ್ಚು. ಎರಡೂ ಕೈ ಮೇಲೆತ್ತಿ ಮೂರು ಎಣಿಸಿ ರಿಮೋಟ್ ಹಿಡಿದ. ಗೇಟಿನ ಇಳಿಜಾರಿನಲ್ಲಿ ನಾನೇ ಉಸಿರು ಹಿಡಿದುಕೊಂಡಿದ್ದೆ. ಜೀಪು ಇಳಿಜಾರಿನಲ್ಲಿ ಇರುವೆಯ ಹಾಗೆ ಇಳಿಯಿತು. ಬೀದಿ ದಾಟುವಾಗ ಎದುರು ಮನೆಯ ಹುಡುಗ ತನ್ನ ಕಾರನ್ನು ಅದರ ಸುತ್ತ ಓಡಿಸುತ್ತಿದ್ದ. ಅವನ ಬಟನ್ನಿಗೆ ನಮ್ಮ ಜೀಪು ಕಿವಿಗೊಡಲಿಲ್ಲ. ಅವರ ಮನೆಯ ರಂಗೋಲಿಯ ಅಂಚು ಬಂದಾಗ ಪುಟ್ಟ ಸ್ಟೇರಿಂಗನ್ನು ಒಂದಿಷ್ಟೇ ಇಷ್ಟು ಎಡಕ್ಕೆ ತಿರುಗಿಸಿ, ಬಣ್ಣಕ್ಕೆ ಚಕ್ರ ತಾಗದ ಹಾಗೆ ಸುತ್ತಿಕೊಂಡು ಹೋಗಿ ಹೊಸಲಿನ ಮುಂದೆ ನಿಲ್ಲಿಸಿದ.

ಆ ಹುಡುಗ ಬಟ್ಟಲು ಎತ್ತಿಕೊಂಡ. ಕ್ಯಾರಿಯರ್ ಮೇಲೆ ಮೂರು ಎಳ್ಳು ಬಿದ್ದಿದ್ದವು. ಪುಟ್ಟ ಬಗ್ಗಿ ನೋಡಿ ಎಣಿಸಿದ. ನಂತರ ಎದುರು ಮನೆಯವನು ತನ್ನ ಕಾರನ್ನು ನನ್ನ ಮುಂದೆ ಹಿಡಿದು, "ಅಂಕಲ್, ಇದಕ್ಕೂ ಮಾಡಿಕೊಡ್ತೀರಾ?" ಅಂದ. ಅಡಿಯಲ್ಲಿ ಅವೇ ಆರು ಸ್ಕ್ರೂ.